ರೂಪಾಂತರ ಶಿಲೆಗಳ ಉಷ್ಣತೆಯನ್ನು ಖನಿಜಗಳಿಂದ ಅರಿಯುವ ಬಗೆ

ಪ್ರತಿ ವರ್ಷವೂ ನಮ್ಮ ಇತಿಹಾಸ ವಿದ್ಯಾರ್ಥಿಗಳನ್ನು ವಿಜಯಪುರದಿಂದ ಬಾದಾಮಿ, ಪಟ್ಟದಕಲ್ಲು, ಲಕ್ಕುಂಡಿಗಳಿಗೆ ಕರೆದೊಯ್ಯುವ ರೂಢಿಯನ್ನು ನಾವು ಇಟ್ಟುಕೊಂಡಿದ್ದೇವೆ. ಅಂತಹ ಒಂದು ಪ್ರವಾಸದಲ್ಲಿ, ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯದ ಕಂಬವನ್ನು ಕೈಯಿಂದ ಸವರುತ್ತ, ಕನಮಡಿಯ ವಿದ್ಯಾರ್ಥಿಯೊಬ್ಬನು, "ಸರ್, ನಮ್ಮೂರ ಕಲ್ಲೂ ಕರಿದು, ಇದೂ ಕರಿದು. ನಮ್ಮ ಕಲ್ಲಿಗೆ ಉಳಿ ಹಚ್ಚಿದ್ರ ಕಿಡಿ ಹಾರತಾವ. ಇದು ಹಿಂಗ ಬೆಣ್ಣಿಯಂಗ ಹೆಂಗ ಬಂತ್ರಿ?" ಎಂದು ಕೇಳಿದನು. ಇದು ಭೂಗರ್ಭದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ ಕಲ್ಲೆಂದು ನಾವು ಹೇಳಿದೆವು. "ಎಷ್ಟು ಕಾವು ಇತ್ರಿ? ಯಾರು ನೋಡ್ಯಾರ್ರಿ?" ಎಂದು ಅವನು ಮತ್ತೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಯಾರು ನೋಡಿದ್ದಾರೆ ಎಂಬುದು ಇತಿಹಾಸಕಾರನು ದಿನವೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಆಗಿದೆ. ಪ್ರತ್ಯಕ್ಷ ಸಾಕ್ಷಿಯಿಲ್ಲದ ಘಟನೆಯೊಂದನ್ನು ಉಳಿದುಬಂದ ವಸ್ತುವಿನಿಂದ ನಿರ್ಣಯಿಸುವುದು ನಮ್ಮ ಕೆಲಸವೂ ಹೌದು, ಭೂವಿಜ್ಞಾನಿಗಳ ಕೆಲಸವೂ ಹೌದು. ನಾವು ಭೂವಿಜ್ಞಾನಿಗಳಲ್ಲ, ಗ್ರಂಥಗಳಿಂದಲೂ ಆ ಶಾಸ್ತ್ರದ ಮಿತ್ರರಿಂದಲೂ ತಿಳಿದುಕೊಂಡುದನ್ನು, ಇತರ ವಿಭಾಗಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಕನಮಡಿಯ ಕಲ್ಲನ್ನೇ ನೋಡೋಣ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಎರೆಭೂಮಿಯ ಕೆಳಗೆ ಹಾಸಿಕೊಂಡಿರುವುದು ದಖನ್ ಟ್ರ್ಯಾಪ್ ಎಂದು ಹೆಸರಾದ ಬಸಾಲ್ಟ್ ಶಿಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಿದ ಲಾವಾರಸವು ಆರಿ ಈ ಶಿಲೆಯಾಯಿತು. ಗೋಲಗುಮ್ಮಟವನ್ನು ಕಟ್ಟಿರುವುದು ಇದರಿಂದಲೇ. ಹರಿಯುವಾಗ ಆ ರಸದ ಉಷ್ಣತೆ 1100 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಾಗಿತ್ತು. ಇಷ್ಟು ಕಾವನ್ನು ಕಂಡಿದ್ದರೂ ಇದನ್ನು ರೂಪಾಂತರ ಶಿಲೆ ಎಂದು ಕರೆಯುವುದಿಲ್ಲ. ಇದು ಅಗ್ನಿಶಿಲೆ, ದ್ರವವಾಗಿದ್ದುದು ಆರಿ ಘನವಾದುದು. ರೂಪಾಂತರವೆಂಬುದು ಬೇರೆ. ಈಗಾಗಲೇ ಘನವಾಗಿರುವ ಶಿಲೆಯು ನೆಲದಾಳದಲ್ಲಿ ಹೂತುಹೋಗಿ, ಕಾವು ಮತ್ತು ಒತ್ತಡಗಳಿಗೆ ಒಳಗಾಗಿ, ಕರಗದೆಯೇ ತನ್ನ ಹಳೆಯ ಖನಿಜಗಳನ್ನು ಬಿಟ್ಟುಕೊಟ್ಟು ಹೊಸ ಖನಿಜಗಳನ್ನು ಪಡೆಯುವ ಕ್ರಿಯೆಗೆ ಆ ಹೆಸರು. ಈ ಎರಡನ್ನೂ ಬೆರೆಸುವ ತಪ್ಪು ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ನಮ್ಮಲ್ಲಿಯೂ ಬಹುಕಾಲ ಇದ್ದಿತು.

ವಿಜಯಪುರದಿಂದ ದಕ್ಷಿಣಕ್ಕೆ ಹೊರಟವನು ಟ್ರ್ಯಾಪಿನ ಅಂಚನ್ನು ದಾಟಿ ಬಾದಾಮಿಯ ಮರಳುಗಲ್ಲನ್ನು ಕಾಣುತ್ತಾನೆ. ಅದು ನೀರಿನಲ್ಲಿ ಸಂಚಯವಾದ ಶಿಲೆ. ರೂಪಾಂತರವು ಅದನ್ನು ಹೆಚ್ಚಾಗಿ ಮುಟ್ಟಿಲ್ಲ. ಈ ಪ್ರದೇಶದ ಶಿಲೆಗಳನ್ನು ಮೊದಲು ಕ್ರಮವಾಗಿ ವರ್ಣಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದವರೆಂದು ಇತಿಹಾಸದ ವಿದ್ಯಾರ್ಥಿಗಳು ಓದುವ ಫೂಟ್ ಅವರೇ ಇವರು. ಇನ್ನೂ ಮುಂದೆ ಗದಗು-ಲಕ್ಕುಂಡಿಗಳ ಕಡೆಗೆ ಬಂದರೆ ಧಾರವಾಡ ಶಿಲಾವರ್ಗದ ಹಸಿರುಗಪ್ಪು ಪದರಶಿಲೆಗಳು ಎದುರಾಗುತ್ತವೆ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಆರಿಸಿಕೊಂಡ, ಮುಂದೆ ಹೊಯ್ಸಳರ ಶಿಲ್ಪಿಗಳು ಹಳೇಬೀಡಿನಲ್ಲಿ ಬಳಸಿದ ಬಳಪದ ಕಲ್ಲಿನ ಜಾತಿಯಿದು. ಇದರಲ್ಲಿರುವ ಮುಖ್ಯ ಖನಿಜವಾದ ಕ್ಲೋರೈಟ್ ಬಹು ಮೃದು. ಇಂತಹ ಶಿಲೆಗಳ ಮೂಲವೂ ಬಹುಮಟ್ಟಿಗೆ ಬಸಾಲ್ಟಿನ ಬಳಗದ ಜ್ವಾಲಾಮುಖಿ ಶಿಲೆಯೇ ಎಂಬುದು ಗಮನಾರ್ಹ. ಹಾಗಾದರೆ ಕನಮಡಿಯ ಕಲ್ಲೂ ಲಕ್ಕುಂಡಿಯ ಕಲ್ಲೂ ದೂರದ ದಾಯಾದಿಗಳು. ಒಂದು ಹುಟ್ಟಿದಂತೆಯೇ ಉಳಿಯಿತು. ಇನ್ನೊಂದು ನೂರಾರು ಕೋಟಿ ವರ್ಷಗಳ ಹಿಂದೆ ಆಳಕ್ಕಿಳಿದು, ನೀರನ್ನು ಹೀರಿ, ಮೆತ್ತಗಾಗಿ ಮೇಲೆ ಬಂದಿತು.

ಅಲ್ಲಿಂದಲೂ ದಕ್ಷಿಣಕ್ಕೆ ಸಾಗಿದರೆ ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲಿ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಮೊದಲಾದ ಖನಿಜಗಳು ತೋರುತ್ತವೆ. ಕನಕಪುರದ ಆಚೆಗೆ, ನೀಲಗಿರಿಯವರೆಗೂ, ಚಾರ್ನೊಕೈಟ್ ಎಂಬ ಕಗ್ಗಲ್ಲು. ಒಟ್ಟಿನಲ್ಲಿ ಕರ್ನಾಟಕದ ಪ್ರಾಚೀನ ಶಿಲೆಗಳ ಮೇಲೆ ಉತ್ತರದಿಂದ ದಕ್ಷಿಣಕ್ಕೆ ನಡೆಯುವುದೆಂದರೆ ಕಡಮೆ ಕಾವಿನಿಂದ ಹೆಚ್ಚು ಕಾವಿನ ಕಡೆಗೆ ನಡೆಯುವುದು. ಭೂಮಿಯ ಮೇಲ್ಪದರದಿಂದ ಒಳಪದರಕ್ಕೆ ಇಳಿಯುವುದೂ ಹೌದು.

ಈ ಏರಿಕೆಯನ್ನು ಗುರುತಿಸುವ ಹಳೆಯ ವಿಧಾನವೆಂದರೆ ಯಾವ ಖನಿಜ ಇದೆ, ಯಾವುದು ಇಲ್ಲ ಎಂದು ನೋಡುವುದು. ಜಾರ್ಜ್ ಬ್ಯಾರೊ ಅವರು 1893ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಇಂತಹ ಸೂಚಕ ಖನಿಜಗಳ ವಲಯಗಳನ್ನು ಗುರುತಿಸಿದರು. ಫಿನ್ಲೆಂಡಿನ ಪೆಂಟಿ ಎಸ್ಕೊಲ ಅವರು ಮುಂದೆ ಖನಿಜಗಳ ಕೂಟವನ್ನೇ ಆಧಾರವಾಗಿಟ್ಟುಕೊಂಡು ರೂಪಾಂತರದ ವರ್ಗಗಳನ್ನು ಹೆಸರಿಸಿದರು. ಕ್ಲೋರೈಟ್ ತುಂಬಿದ ಹಸಿರು ಪದರಶಿಲೆಯನ್ನು ಕಂಡರೆ 300ರಿಂದ 500 ಡಿಗ್ರಿಗಳ ನಡುವೆ ಎಂದು ಹೇಳಬಹುದು. ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯ ರೂಪದಿಂದ ನಿರ್ಣಯಿಸುವುದಕ್ಕೂ ಇದಕ್ಕೂ ಹೋಲಿಕೆಯಿದೆ. ಅಕ್ಷರದ ತಲೆಕಟ್ಟನ್ನು ನೋಡಿ ಹನ್ನೊಂದನೆಯ ಶತಮಾನವೆನ್ನಬಹುದೇ ಹೊರತು ಇಂಥ ವರ್ಷವೆನ್ನಲಾಗದು.

ಖನಿಜಗಳ ರಸಾಯನವನ್ನು ಅಳೆದು ಉಷ್ಣತೆಯನ್ನು ಸಂಖ್ಯೆಯಲ್ಲಿ ಹೇಳುವ ವಿಧಾನವು ಇದಕ್ಕಿಂತ ಮುಂದಿನ ಹೆಜ್ಜೆ. ಇದರ ತತ್ತ್ವ ಕಠಿಣವಲ್ಲ. ಗಾರ್ನೆಟ್ ಎಂಬುದು ಕೆಂಪು ಛಾಯೆಯ ಗಟ್ಟಿ ಖನಿಜ. ಬಯೊಟೈಟ್ ಎಂಬುದು ಕಪ್ಪು ಅಭ್ರಕ, ನಮ್ಮ ಜನ ಕಾಗೆಬಂಗಾರವೆನ್ನುವ ವಸ್ತುವಿನ ಜಾತಿಯದು. ಎರಡರಲ್ಲಿಯೂ ಕಬ್ಬಿಣ ಮತ್ತು ಮೆಗ್ನೀಸಿಯಂ ಪರಮಾಣುಗಳಿವೆ. ಇವೆರಡರ ಗಾತ್ರವೂ ವಿದ್ಯುದಂಶವೂ ಹತ್ತಿರ ಹತ್ತಿರವಾದುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಕೂರಬಲ್ಲದು. ಗಾರ್ನೆಟ್ಟೂ ಅಭ್ರಕವೂ ಒಂದೇ ಶಿಲೆಯಲ್ಲಿ ಒಟ್ಟಿಗೆ ಕಾದಾಗ ಅವುಗಳ ನಡುವೆ ಈ ಪರಮಾಣುಗಳ ವಿನಿಮಯ ನಡೆಯುತ್ತದೆ. ಗಾರ್ನೆಟ್ಟಿನ ಒಲವು ಕಬ್ಬಿಣದ ಕಡೆಗೆ, ಅಭ್ರಕದ ಒಲವು ಮೆಗ್ನೀಸಿಯಂ ಕಡೆಗೆ. ಆದರೆ ಕಾವು ಏರಿದಂತೆ ಈ ಪಕ್ಷಪಾತ ಸಡಿಲವಾಗಿ, ಗಾರ್ನೆಟ್ಟಿಗೂ ಹೆಚ್ಚು ಮೆಗ್ನೀಸಿಯಂ ಸೇರುತ್ತದೆ. ಆದುದರಿಂದ ಎರಡು ಖನಿಜಗಳಲ್ಲಿಯೂ ಮೆಗ್ನೀಸಿಯಂ ಮತ್ತು ಕಬ್ಬಿಣಗಳ ಪ್ರಮಾಣವನ್ನು ಅಳೆದು, ಗಾರ್ನೆಟ್ಟಿನ ಪ್ರಮಾಣವನ್ನು ಅಭ್ರಕದ ಪ್ರಮಾಣದಿಂದ ಭಾಗಿಸಿದರೆ ಬರುವ ಹಂಚಿಕೆಯ ಸಂಖ್ಯೆಯು ಉಷ್ಣತೆಯನ್ನು ಸೂಚಿಸುತ್ತದೆ.

ಈ ಸಂಖ್ಯೆಗೂ ಉಷ್ಣತೆಗೂ ಇರುವ ಸಂಬಂಧವನ್ನು ಪ್ರಯೋಗಶಾಲೆಯಲ್ಲಿ ಖನಿಜಗಳನ್ನು ಕಾಯಿಸಿಯೇ ತಿಳಿಯಬೇಕು. ಜಾನ್ ಫೆರಿ ಮತ್ತು ಫ್ರಾಂಕ್ ಸ್ಪಿಯರ್ ಅವರು 550ರಿಂದ 800 ಡಿಗ್ರಿಗಳವರೆಗೆ ಪ್ರಯೋಗ ನಡೆಸಿ 1978ರಲ್ಲಿ ಪ್ರಕಟಿಸಿದ ಸೂತ್ರ ಬಹಳ ಪ್ರಸಿದ್ಧವಾಗಿದೆ. ಅದನ್ನು ಮಾತಿನಲ್ಲಿ ಹೀಗೆ ಹೇಳಬಹುದು: ಒತ್ತಡವನ್ನು ಬಾರ್ ಮಾನದಲ್ಲಿ ತೆಗೆದುಕೊಂಡು 0.00956ರಿಂದ ಗುಣಿಸಿ 2089ಕ್ಕೆ ಕೂಡಬೇಕು, ಬಂದುದನ್ನು, 0.782ರಿಂದ ಹಂಚಿಕೆಯ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ಮನ್ನು ಕಳೆದು ಉಳಿದುದರಿಂದ ಭಾಗಿಸಬೇಕು. ಲಬ್ಧವು ಕೆಲ್ವಿನ್ ಮಾನದ ಉಷ್ಣತೆ. 273 ಕಳೆದರೆ ಸೆಲ್ಸಿಯಸ್.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ. ಅಭ್ರಕದಲ್ಲಿ ಮೆಗ್ನೀಸಿಯಂ ಮತ್ತು ಕಬ್ಬಿಣ ಸಮಸಮವಾಗಿವೆ, ಗಾರ್ನೆಟ್ಟಿನಲ್ಲಿ ಐದು ಪಾಲು ಕಬ್ಬಿಣಕ್ಕೆ ಒಂದು ಪಾಲು ಮೆಗ್ನೀಸಿಯಂ ಇದೆ ಎನ್ನೋಣ. ಹಂಚಿಕೆಯ ಸಂಖ್ಯೆ 0.20. ಅದರ ಲಾಗರಿದಮ್ ಋಣ 1.609. ಒತ್ತಡ 5000 ಬಾರ್ ಆಗಿದ್ದರೆ 2137ನ್ನು 2.391ರಿಂದ ಭಾಗಿಸಿ, 894 ಕೆಲ್ವಿನ್, ಎಂದರೆ ಸುಮಾರು 621 ಡಿಗ್ರಿ ಸೆಲ್ಸಿಯಸ್ ಎಂಬ ಉತ್ತರ ದೊರೆಯುತ್ತದೆ. ಹಂಚಿಕೆಯ ಸಂಖ್ಯೆ 0.25 ಆದರೆ ಉತ್ತರ ಸುಮಾರು 713. ಒತ್ತಡವನ್ನು 1000 ಬಾರ್ ತಪ್ಪಾಗಿ ಊಹಿಸಿದರೂ ಮೊದಲ ಉತ್ತರದಲ್ಲಿ ಬರುವ ವ್ಯತ್ಯಾಸ ನಾಲ್ಕು ಡಿಗ್ರಿ ಮಾತ್ರ. ಒಳ್ಳೆಯ ಉಷ್ಣಮಾಪಕದ ಲಕ್ಷಣವಿದು: ಉಷ್ಣತೆಗೆ ಚುರುಕಾಗಿ, ಒತ್ತಡಕ್ಕೆ ಜಡವಾಗಿ ಇರಬೇಕು. ಹಂಚಿಕೆಯ ಸಂಖ್ಯೆಯ ಸಣ್ಣ ತಪ್ಪು ಮಾತ್ರ ಉತ್ತರವನ್ನು ಬಹಳ ಕದಲಿಸುತ್ತದೆಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ.

ಅಳತೆಯ ಕೆಲಸವನ್ನು ಮಾಡುವುದು ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರ. ಇದರ ಮೂಲ ರೂಪವನ್ನು ಫ್ರಾನ್ಸಿನ ರೇಮೊಂ ಕಾಸ್ಟೆಂ ಅವರು 1951ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಶಿಲೆಯ ನಯಗೊಳಿಸಿದ ತೆಳುಹೋಳಿನ ಮೇಲೆ ಎಲೆಕ್ಟ್ರಾನುಗಳ ಸೂಕ್ಷ್ಮ ಕಿರಣವನ್ನು ಬಿಟ್ಟು, ಹೊರಡುವ ಕ್ಷಕಿರಣಗಳಿಂದ ಆ ಬಿಂದುವಿನಲ್ಲಿರುವ ಮೂಲಧಾತುಗಳನ್ನು ಅಳೆಯಲಾಗುತ್ತದೆ. ಬಿಂದುವಿನ ಅಗಲ ಒಂದೆರಡು ಮೈಕ್ರಾನ್. ಹೀಗಾಗಿ ಒಂದೇ ಗಾರ್ನೆಟ್ಟಿನ ನಡುವನ್ನೂ ಅಂಚನ್ನೂ ಬೇರೆಬೇರೆಯಾಗಿ ಓದಬಹುದು. ಶಿಲೆಯನ್ನು ಪುಡಿಮಾಡಿ ವಿಶ್ಲೇಷಿಸುತ್ತಿದ್ದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ.

ಕರ್ನಾಟಕದಲ್ಲಿ ಈ ಬಗೆಯ ಅಧ್ಯಯನಕ್ಕೆ ಜಗತ್ಪ್ರಸಿದ್ಧವಾದ ಸ್ಥಳ ಕನಕಪುರದ ಸಮೀಪದ ಕಬ್ಬಾಳದುರ್ಗ. ಹೈದರ್ ಮತ್ತು ಟಿಪ್ಪು ಇವರ ಕಾಲದಲ್ಲಿ ಸೆರೆಮನೆಯಾಗಿ ಕುಖ್ಯಾತವಾಗಿದ್ದ ಗಿರಿದುರ್ಗವೆಂದು ಇತಿಹಾಸದವರು ಇದನ್ನು ಬಲ್ಲರು. ಭೂವಿಜ್ಞಾನಿಗಳಿಗೆ ಮುಖ್ಯವಾದುದು ಅಲ್ಲಿಯ ಕಲ್ಲುಗಣಿ. ಅಲ್ಲಿ ಬೂದುಬಣ್ಣದ, ಪಟ್ಟೆಪಟ್ಟೆಯಾದ ನೈಸ್ ಶಿಲೆಯ ನಡುವೆ ಹಸಿರುಗಪ್ಪಾದ ಚಾರ್ನೊಕೈಟಿನ ತೇಪೆಗಳೂ ಎಳೆಗಳೂ ಹರಡಿವೆ. ನೈಸಿನ ಪಟ್ಟೆಗಳು ಕಪ್ಪು ತೇಪೆಯೊಳಗೆ ನುಸುಳಿ ಮಸುಕಾಗಿ ಮುಂದುವರಿಯುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ವರ್ಣಿಸಿ, ನೈಸ್ ಶಿಲೆಯು ಚಾರ್ನೊಕೈಟ್ ಆಗುತ್ತಿರುವ ಹಂತವೇ ಇಲ್ಲಿ ಉಳಿದಿದೆಯೆಂದು ತೋರಿಸಿದರು. ಚಾರ್ನೊಕೈಟ್ ಎಂಬ ಹೆಸರಿನಲ್ಲಿಯೂ ಇತಿಹಾಸವಿದೆ. ಕಲ್ಕತ್ತೆಯ ಸ್ಥಾಪಕನೆಂದು ಬಹುಕಾಲ ಹೇಳಲಾಗುತ್ತಿದ್ದ ಜಾಬ್ ಚಾರ್ನಾಕನ ಗೋರಿಗಲ್ಲು ಈ ಶಿಲೆಯದೆಂದು ಕಂಡು ಥಾಮಸ್ ಹಾಲೆಂಡ್ ಅವರು ಆ ಹೆಸರನ್ನಿಟ್ಟರು. ಗೋರಿಗಲ್ಲಿನ ಜಾತಿಯ ಶಿಲೆ ದೊರೆಯುವುದು ಪಲ್ಲಾವರಂ ಪರಿಸರದಲ್ಲಿ, ಎಂದರೆ ಫೂಟ್ ಅವರಿಗೆ ಶಿಲಾಯುಧ ಸಿಕ್ಕ ನೆಲದಲ್ಲಿಯೇ.

ನೈಸ್ ಶಿಲೆ ಚಾರ್ನೊಕೈಟ್ ಆಗುವಾಗ, ನೀರಿನ ಅಂಶವುಳ್ಳ ಅಭ್ರಕವೂ ಹಾರ್ನ್‌ಬ್ಲೆಂಡೂ ಬೆಣಚುಕಲ್ಲಿನೊಡನೆ ವರ್ತಿಸಿ ನಾಶವಾಗಿ, ನೀರಿಲ್ಲದ ಹೈಪರ್ಸ್ಥೀನ್ ಎಂಬ ಖನಿಜ ಹುಟ್ಟುತ್ತದೆ. ನೀರು ಹೊರಟುಹೋಗಬೇಕು. ಇದಕ್ಕೆ ಕಾವು ಏರಿದ್ದೇ ಕಾರಣವೇ? ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಅವರು ಷಿಕಾಗೊ ವಿಶ್ವವಿದ್ಯಾನಿಲಯದ ನ್ಯೂಟನ್ ಮತ್ತು ಹ್ಯಾನ್ಸನ್ ಅವರೊಡನೆ 1982ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ಪ್ರಶ್ನೆಯನ್ನು ಖನಿಜಗಳ ರಸಾಯನದಿಂದ ಎದುರಿಸಿತು. ಈ ಪರಿಸರದ ಶಿಲೆಗಳ ಗಾರ್ನೆಟ್ ಮತ್ತು ಪೈರಾಕ್ಸೀನ್ ಜೋಡಿಗಳು ಸ್ಥೂಲವಾಗಿ 700ರಿಂದ 800 ಡಿಗ್ರಿಗಳ ಉಷ್ಣತೆಯನ್ನೂ, ಐದಾರು ಕಿಲೊಬಾರ್ ಒತ್ತಡವನ್ನೂ ಸೂಚಿಸುತ್ತವೆ. ಆ ಒತ್ತಡವೆಂದರೆ ಸುಮಾರು ಇಪ್ಪತ್ತು ಕಿಲೊಮೀಟರ್ ಆಳ. ಕಾಲ ಸುಮಾರು 250 ಕೋಟಿ ವರ್ಷಗಳ ಹಿಂದಿನದು. ನೈಸೂ ಚಾರ್ನೊಕೈಟೂ ಪಕ್ಕಪಕ್ಕದಲ್ಲಿ ಒಂದೇ ಕಾವಿನಲ್ಲಿದ್ದವು. ವ್ಯತ್ಯಾಸವನ್ನು ತಂದುದು ಆಳದಿಂದ ಬಿರುಕುಗಳ ಮೂಲಕ ಏರಿಬಂದ ಇಂಗಾಲದ ಡೈಆಕ್ಸೈಡ್. ಅದು ನೀರಿನ ಬಲವನ್ನು ತಗ್ಗಿಸಿದಾಗ ಅಭ್ರಕ ನಿಲ್ಲಲಾರದೆ ಹೋಯಿತು ಎಂಬುದು ಅವರ ತೀರ್ಮಾನ. ಚಾರ್ನೊಕೈಟಿನ ಹರಳುಗಳೊಳಗೆ ಸೆರೆಸಿಕ್ಕ ಸೂಕ್ಷ್ಮ ಗುಳ್ಳೆಗಳಲ್ಲಿ ಈ ಅನಿಲ ಹೇರಳವಾಗಿರುವುದನ್ನು ಇದೇ ಮೂವರು 1984ರಲ್ಲಿ ವರದಿಮಾಡಿದರು. ಅನಿಲ ಎಲ್ಲಿಂದ ಬಂತು, ಬಿರುಕು ಏಕೆ ತೆರೆಯಿತು ಎಂಬ ಬಗ್ಗೆ ಬಳಿಕ ಭಿನ್ನಾಭಿಪ್ರಾಯಗಳು ಹುಟ್ಟಿವೆ. ಅವು ನಮ್ಮ ವಿಷಯದ ಆಚೆಗಿನವು.

ಇಷ್ಟನ್ನು ಓದಿಕೊಂಡು ನಾವು ಮರುವರ್ಷ ತರಗತಿಯಲ್ಲಿ, ಕಬ್ಬಾಳದ ಕಲ್ಲು 750 ಡಿಗ್ರಿಯಲ್ಲಿ ಬೆಂದದ್ದೆಂದು ಕಪ್ಪುಹಲಗೆಯ ಮೇಲೆ ಬರೆದೆವು. ಅದು ಆತುರದ ಮಾತೆಂದು ಈಗ ತೋರುತ್ತದೆ.

ಕಾರಣವಿಷ್ಟು. ಆದಿಯಲ್ಲಿ ಹೇಳಿದ ಪರಮಾಣುಗಳ ವಿನಿಮಯವು ಕಾವು ಶಿಖರವನ್ನು ಮುಟ್ಟಿದ ಕೂಡಲೆ ನಿಲ್ಲುವುದಿಲ್ಲ. ಶಿಲೆಯು ಲಕ್ಷಾಂತರ ವರ್ಷಗಳ ಕಾಲ ಮೆಲ್ಲನೆ ಆರುತ್ತಿರುವಾಗಲೂ ಗಾರ್ನೆಟ್ಟಿನ ಅಂಚು ಮೆಗ್ನೀಸಿಯಂ ಕೊಟ್ಟು ಕಬ್ಬಿಣ ಪಡೆಯುತ್ತಲೇ ಇರುತ್ತದೆ. ಪರಮಾಣುಗಳು ಕದಲಲಾರದಷ್ಟು ತಣ್ಣಗಾದಾಗ ಮಾತ್ರ ವ್ಯವಹಾರ ಮುಗಿಯುತ್ತದೆ. ನಮ್ಮ ಸೂತ್ರವು ಹೇಳುವುದು ಈ ಮುಗಿದ ಹೊತ್ತಿನ ಉಷ್ಣತೆಯನ್ನು. ಶಿಖರದ ಉಷ್ಣತೆ ಅದಕ್ಕಿಂತ ಎಷ್ಟೋ ಮೇಲಿದ್ದಿರಬಹುದು. ದೊಡ್ಡ ಗಾರ್ನೆಟ್ಟಿನ ನಡುಭಾಗವು ಹಳೆಯ ಪ್ರಮಾಣವನ್ನು ಉಳಿಸಿಕೊಂಡಿರುವುದುಂಟು. ಆದರೆ ಅದರ ಜೊತೆಗಾರನಾದ ಅಭ್ರಕವು ಬೇಗನೆ ಬದಲಾಗುವಂತಹುದು. ಹಳೆಯ ನಡುವನ್ನು ಬದಲಾದ ಅಭ್ರಕದೊಡನೆ ಸೇರಿಸಿ ಲೆಕ್ಕ ಹಾಕಿದರೆ ಬರುವ ಉಷ್ಣತೆ ಎಂದೂ ಇಲ್ಲದಿದ್ದ ಉಷ್ಣತೆಯಾಗಬಹುದು. ಒಂದು ಶಾಸನದಿಂದ ಅರಸನ ಹೆಸರನ್ನೂ ಇನ್ನೊಂದರಿಂದ ಶಕವರ್ಷವನ್ನೂ ಎತ್ತಿ ಜೋಡಿಸಿದ ಹಾಗೆ. ಫ್ರಾಸ್ಟ್ ಮತ್ತು ಚಾಕೊ ಎಂಬ ವಿದ್ವಾಂಸರು 1989ರಲ್ಲಿ, ಚಾರ್ನೊಕೈಟಿನಂತಹ ಅತಿ ಕಾವಿನ ಶಿಲೆಗಳಲ್ಲಿ ಈ ದೋಷ ಅನಿವಾರ್ಯಪ್ರಾಯವೆಂದು ವಾದಿಸಿ ಅದಕ್ಕೆ 'ಗ್ರಾನುಲೈಟ್ ಅನಿಶ್ಚಿತತಾ ತತ್ತ್ವ' ಎಂದೇ ಹೆಸರಿಟ್ಟರು. ಹೆಚ್ಚು ಬೆಂದ ಕಲ್ಲೇ ತನ್ನ ಬೇಗೆಯ ದಾಖಲೆಯನ್ನು ಹೆಚ್ಚು ಅಳಿಸಿಕೊಳ್ಳುತ್ತದೆಂಬುದು ವಿಚಿತ್ರವಾದರೂ ನಿಜ.

ಇತರ ತೊಡಕುಗಳೂ ಇವೆ. ಮೈಕ್ರೋಪ್ರೋಬ್ ಕಬ್ಬಿಣವನ್ನು ಎಣಿಸುತ್ತದೆ. ಅದು ಎರಡು ವಿದ್ಯುದಂಶದ್ದೋ ಮೂರರದ್ದೋ ಎಂದು ಹೇಳುವುದಿಲ್ಲ. ಗಾರ್ನೆಟ್ಟಿನಲ್ಲಿ ಕ್ಯಾಲ್ಸಿಯಂ, ಮ್ಯಾಂಗನೀಸ್, ಅಭ್ರಕದಲ್ಲಿ ಟೈಟೇನಿಯಂ ಸೇರಿದ್ದರೆ ಸೂತ್ರವನ್ನು ತಿದ್ದಬೇಕು. ತಿದ್ದಿದವರು ಹಲವರಿರುವುದರಿಂದ ಒಂದೇ ಅಳತೆಗೆ ಹಲವು ಉತ್ತರಗಳು ಬರುತ್ತವೆ. ಎಲ್ಲವೂ ಸರಿಯಿದ್ದರೂ ಐವತ್ತು ಡಿಗ್ರಿಗಳಷ್ಟು ಹೆಚ್ಚುಕಡಮೆಯನ್ನು ಒಪ್ಪಿಕೊಳ್ಳಬೇಕೆನ್ನುತ್ತಾರೆ. ಮೇಲಿನ ಲೆಕ್ಕದ 621ರಲ್ಲಿ ಕೊನೆಯ 21ಕ್ಕೆ ಬೆಲೆಯಿಲ್ಲ.

ಹೀಗಿರಲು, ಕಬ್ಬಾಳದಲ್ಲಿ ನೈಸೂ ಚಾರ್ನೊಕೈಟೂ ಒಂದೇ ಕಾವಿನಲ್ಲಿದ್ದವೆಂಬ ತೀರ್ಮಾನವು ಕುಸಿಯುವುದೇ? ಎರಡೂ ಆರುವಾಗ ಒಂದೇ ಕಡೆ ನಿಂತುದರಿಂದ ಒಂದೇ ಸಂಖ್ಯೆ ಬಂದಿರಬಹುದಲ್ಲವೇ ಎಂಬ ಸಂದೇಹ ನಮ್ಮನ್ನು ಬಹಳ ದಿನ ಕಾಡಿತು. ಬಿಡಿಸಿದವರು ಭೌತಶಾಸ್ತ್ರದ ಮಿತ್ರರು. ಕಲ್ಲಿನಲ್ಲಿ ಕಾವು ಒಂದು ಗೇಣು ದೂರ ಹಬ್ಬಲು ಒಂದು ದಿನವೂ ಬೇಡ. ಒಂದು ಕಿಲೊಮೀಟರ್ ಹಬ್ಬಲು ಸುಮಾರು ಮೂವತ್ತು ಸಾವಿರ ವರ್ಷ ಬೇಕು. ಗೇಣಗಲದ ಕಪ್ಪು ತೇಪೆಯೊಂದು ಸುತ್ತಣ ಬೂದು ಶಿಲೆಗಿಂತ ಬಿಸಿಯಾಗಿ ಸಾವಿರಾರು ವರ್ಷ ಇರುವುದು ಅಸಾಧ್ಯ. ಆದುದರಿಂದ ಕಾವು ಎರಡಕ್ಕೂ ಒಂದೇ ಎಂಬ ಮಾತು ಖನಿಜಗಳ ಉಷ್ಣಮಾಪಕವನ್ನು ನೆಚ್ಚಿ ನಿಂತಿಲ್ಲ. ಅದಕ್ಕೆ ಬೇರೆ ಸಾಕ್ಷಿ ಇದೆ. ಆ ಕಾವು 750 ಡಿಗ್ರಿಯೇ ಎಂಬ ಮಾತಿಗೆ ಮಾತ್ರ ಖನಿಜಗಳೇ ಸಾಕ್ಷಿ; ಅದನ್ನು ಕನಿಷ್ಠಪಕ್ಷ ಅಷ್ಟು ಎಂದು ಓದುವುದು ಲೇಸೆಂದು ನಮ್ಮ ಅಭಿಪ್ರಾಯ. ಕಪ್ಪುಹಲಗೆಯ ಮೇಲಿನ ವಾಕ್ಯವನ್ನು ನಾವು ಹಾಗೆಯೇ ತಿದ್ದಿಕೊಂಡಿದ್ದೇವೆ.

ಲಕ್ಕುಂಡಿಯ ಪ್ರಶ್ನೆ ಉಳಿಯಿತು. ಆ ಮೆತ್ತನೆಯ ಕಲ್ಲಿಗೆ ಗಾರ್ನೆಟ್-ಅಭ್ರಕದ ಸೂತ್ರ ಒದಗದು. ಗಾರ್ನೆಟ್ ಹುಟ್ಟುವಷ್ಟು ಕಾವನ್ನು ಅಂತಹ ಶಿಲೆ ಕಂಡೇ ಇಲ್ಲ. ಅಲ್ಲಿ ಕ್ಲೋರೈಟನ್ನೇ ಕೇಳಬೇಕು. ಕಾವು ಏರಿದಂತೆ ಕ್ಲೋರೈಟಿನ ಹರಳಿನಲ್ಲಿ ಸಿಲಿಕಾನಿನ ಸ್ಥಾನವನ್ನು ಅಲ್ಯುಮಿನಿಯಂ ಹೆಚ್ಚು ಹೆಚ್ಚಾಗಿ ಆಕ್ರಮಿಸುತ್ತದೆ. ಕ್ಯಾಥೆಲಿನೊ ಮತ್ತು ನೀವಾ ಅವರು 1985ರಲ್ಲಿ ಇದರ ಅಳತೆಗೋಲನ್ನು ಮೆಕ್ಸಿಕೋ ದೇಶದ ಲೋಸ್ ಅಸುಫ್ರೆಸ್ ಎಂಬ ಬಿಸಿನೀರಿನ ಕ್ಷೇತ್ರದಲ್ಲಿ ರೂಪಿಸಿದರು. ಅಲ್ಲಿಯ ಕೊಳವೆಬಾವಿಗಳಲ್ಲಿ ಉಷ್ಣತೆಯನ್ನು ನೇರವಾಗಿ ಅಳೆಯಬಹುದಾಗಿತ್ತು. "ಯಾರು ನೋಡ್ಯಾರ್ರಿ" ಎಂಬ ಪ್ರಶ್ನೆಗೆ ನೋಡಿದವರಿದ್ದಾರೆಂದು ಹೇಳಬಹುದಾದ ಅಪರೂಪದ ಸಂದರ್ಭವಿದು. ಆದರೂ ಆ ಕ್ಷೇತ್ರದ ಕ್ಲೋರೈಟಿಗೆ ಸಲ್ಲುವುದು ಬೇರೆ ರಸಾಯನದ ಶಿಲೆಗೆ ಸಲ್ಲದೆಂಬ ಆಕ್ಷೇಪ ಬಲವಾಗಿದೆ. ಸದ್ಯಕ್ಕೆ ನಾವು ಆ ವಿದ್ಯಾರ್ಥಿಗೆ ಕೊಡುವ ಉತ್ತರ 300ರಿಂದ 500 ಡಿಗ್ರಿಗಳ ನಡುವೆ ಎಂಬುದೇ. ಇದಕ್ಕಿಂತ ಮುಂದೆ ಹೋಗಬೇಕಾದರೆ ತುಣುಕು ಬೇಕು. ಅದನ್ನು ಹಳೆಯ ಕಲ್ಲುಗಣಿಯಿಂದ ತರಬೇಕೇ ವಿನಾ ಗುಡಿಯಿಂದ ಒಂದು ಚೂರನ್ನೂ ಮುಟ್ಟಬಾರದೆಂದು ವಿದ್ಯಾರ್ಥಿಗಳಿಗೆ ನಾವು ಖಂಡಿತವಾಗಿ ಹೇಳಿದ್ದೇವೆ.

ಆ ವಿದ್ಯಾರ್ಥಿಯು ಕಳೆದ ಬೇಸಗೆಯಲ್ಲಿ ಕನಮಡಿಯಲ್ಲಿ ಬಾವಿ ತೋಡಿದ ರಾಶಿಯಿಂದ ಒಂದು ಕರಿಕಲ್ಲನ್ನು ತಂದುಕೊಟ್ಟನು. ಅದರ ಪೊಟರೆಯಲ್ಲಿ ಬಿಳಿಯ ಹರಳುಗಳು ಒತ್ತಾಗಿ ಬೆಳೆದಿವೆ. ಜಿಯೊಲೈಟ್ ಎಂಬ ವರ್ಗದ ಖನಿಜಗಳಿವು. ಲಾವಾ ಆರಿದ ಬಳಿಕ ಅದರ ಗುಳ್ಳೆಗಳಲ್ಲಿ ಬೆಚ್ಚನೆಯ ನೀರು ಸುಳಿದಾಡಿದಾಗ, ಒಂದೆರಡು ನೂರು ಡಿಗ್ರಿಗಳ ಆಸುಪಾಸಿನಲ್ಲಿ ಇಂತಹವು ಹುಟ್ಟುತ್ತವೆ. ಸಾವಿರದ ನೂರು ಡಿಗ್ರಿಯ ಕಲ್ಲಿನೊಳಗೆ ಇಷ್ಟು ತಣ್ಣನೆಯ ಹರಳು. ಕಲ್ಲು ಈಗ ನಮ್ಮ ಮೇಜಿನ ಮೇಲಿದೆ. ಹರಳು ಇಂಥದೇ ಎಂದು ಗುರುತಿಸಲು ಭೂವಿಜ್ಞಾನದ ಮಿತ್ರರಿಗೆ ತೋರಿಸಬೇಕಾಗಿದೆ.